ಅಮ್ಮನಿಗೆ ಎಂತ, ದುಬೈಯಲ್ಲಿ ಆರಾಮ!

(1/6)
ಮೊನ್ನೆ ಕ್ಯಾಂಟೀನಿನಲ್ಲಿ ಕ್ಲಾಸ್‌ಮೇಟ್ ಒಬ್ಬ ಹೇಳಿದ: "ನಿನ್ನ ಅಮ್ಮನಿಗೆ ಎಂತ ಮಾರಾಯ, ದುಬೈಯಲ್ಲಿ ಆರಾಮ. ಎಸಿ ಮನೆ, ಎಸಿ ಕಾರು. ಮಕ್ಕಳೂ ದೊಡ್ಡವರಾದ್ರು, ಇನ್ನೆಂತ ಕೆಲಸ ಉಂಟು?"

ಅವನ ಮೇಲೆ ನನಗೆ ಸಿಟ್ಟಿಲ್ಲ. ಯಾಕಂದ್ರೆ ಅದೇ ಮನೆಯಲ್ಲಿ ಬೆಳೆದ ನಾನೂ ಮೊನ್ನೆ ಮೊನ್ನೆಯವರೆಗೆ ಹಾಗೇ ಅಂದ್ಕೊಂಡಿದ್ದೆ. ಅದಕ್ಕೇ ಈ ಸಲದ ಪೋಸ್ಟ್ ಸ್ವಲ್ಪ ಉದ್ದ. ಪೂರ್ತಿ ಓದಿ, ಆಮೇಲೆ ಜಗಳ ಮಾಡಿ.

ಮೊದಲನೆಯದಾಗಿ ನಮ್ಮ ಮನೆ ಇರುವುದು ದುಬೈಯಲ್ಲಿ ಅಲ್ಲ, ಶಾರ್ಜಾದಲ್ಲಿ. ಊರಿನವರಿಗೆ ಗಲ್ಫ್ ಅಂದ್ರೆ ಎಲ್ಲವೂ ದುಬೈಯೇ. ದುಬೈಯಲ್ಲಿ ಕೆಲಸ, ಬಾಡಿಗೆ ಕಡಿಮೆ ಅಂತ ಶಾರ್ಜಾದಲ್ಲಿ ಮನೆ, ನಡುವೆ ಟ್ರಾಫಿಕ್. ಅಲ್ಲಿರುವ ಸಾವಿರಾರು ಕುಟುಂಬಗಳ ಹಾಗೆ ನಮ್ಮದೂ.

ಮೊದಲ ಫೋಟೋದಲ್ಲಿರುವುದು ನಮ್ಮ ಫ್ರಿಜ್ಜಿನ ಬಾಗಿಲು. ಝೂಮ್ ಮಾಡಿ ನೋಡಿ. ನಾಲ್ಕು ಜನರ ವೀಸಾ, ಎಮಿರೇಟ್ಸ್ ಐಡಿ, ಪಾಸ್‌ಪೋರ್ಟ್ ಮುಗಿಯುವ ತಾರೀಕು. ಬಾಡಿಗೆಯ ಮುಂಗಡ ಚೆಕ್ಕುಗಳು ಯಾವ ಯಾವ ದಿನ ಬ್ಯಾಂಕಿಗೆ ಬೀಳುತ್ತವೆ ಅಂತ. ಅಲ್ಲಿ ವರ್ಷದ ಬಾಡಿಗೆಯನ್ನು ಹೀಗೆ ಚೆಕ್ಕಿನಲ್ಲಿ ಮೊದಲೇ ಬರೆದುಕೊಡುವುದು ರೂಢಿ. ಆ ದಿನ ಅಕೌಂಟಲ್ಲಿ ದುಡ್ಡು ಇರಲೇಬೇಕು. ತಂಗಿಯ ಟ್ಯೂಷನ್ ಟೈಮು. ಕೊನೆಯಲ್ಲಿ ಬ್ರಹ್ಮಾವರದಲ್ಲಿರುವ ಅಜ್ಜಿಯ ಬಿಪಿ ಮಾತ್ರೆ ಮುಗಿಯುವ ದಿನ.

ಎಲ್ಲ ಅಮ್ಮನ ಅಕ್ಷರ. ಒಂದೇ ಒಂದು ಸಾಲು ನನ್ನದಾಗಲಿ ಅಪ್ಪನದಾಗಲಿ ಇಲ್ಲ.

(2/6)
ಅಮ್ಮನ ಒಂದು ದಿನ ಹೇಗಿರುತ್ತದೆ ಅಂತ ಹೇಳ್ತೇನೆ.

ನಮ್ಮಲ್ಲಿ ಬೆಳಿಗ್ಗೆ 6 ಗಂಟೆ ಆದಾಗ ಅಲ್ಲಿ 4:30. ಅಜ್ಜಿ ಎದ್ದು, ಮುಖ ತೊಳೆದು, ಕಾಫಿ ಕುಡಿದು ಮಗಳಿಗೆ ಫೋನ್ ಮಾಡುವುದು ಸರಿಯಾಗಿ ಆ ಹೊತ್ತಿಗೆ. ಯುಎಇಯಲ್ಲಿ ವಾಟ್ಸಾಪ್ ಕಾಲ್ ಆಗುವುದಿಲ್ಲ, ಮೆಸೇಜ್ ಮಾತ್ರ. ಹಾಗಾಗಿ 70 ದಾಟಿದ ಅಜ್ಜಿ ಬೋಟಿಮ್ ಆ್ಯಪ್ ಕಲಿತಿದ್ದಾರೆ. ಅಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಚಪಾತಿ ಹಿಟ್ಟು ಕಲಸುತ್ತಾ ಮಾತಾಡ್ತಾರೆ. ಆರೂಕಾಲಿಗೆ ತಂಗಿಯ ಸ್ಕೂಲ್ ಬಸ್ಸು. ಅದು ಹೋದ ಮೇಲೆ ಅಮ್ಮ ಕಾರು ತೆಗೆದು ಅಲ್ ಇತ್ತಿಹಾದ್ ರಸ್ತೆಗೆ ಇಳಿದರೆ, ಡೇರಾದ ಆಫೀಸು ಮುಟ್ಟುವಾಗ ಎಂಟೂಕಾಲು. ಒಂದು ಸಣ್ಣ ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟೆಂಟ್. ಹೌದು, ಅಮ್ಮನೂ ಬಿಕಾಂ.

ಸಂಜೆ ಅದೇ ರಸ್ತೆ, ಅದೇ ಟ್ರಾಫಿಕ್. ಮನೆಗೆ ಬರುವಾಗ ಏಳೂವರೆ. ಊರಲ್ಲಿ ಆಗ 9 ಗಂಟೆ, ಅಜ್ಜಿ ಮಲಗುವ ಹೊತ್ತು. ಆದ್ದರಿಂದ ಅಜ್ಜಿ ಮಲಗುವ ಮುಂಚಿನ ಎರಡನೇ ಫೋನ್ ಲಿಫ್ಟಿನಲ್ಲೇ ಬರುತ್ತದೆ. ಅಮ್ಮನ ಕೈಗೆ ಒಂದು ಗಡಿಯಾರ ಅಷ್ಟೇ ಕಟ್ಟಿದೆ, ಆದ್ರೆ ಅವರು ಎರಡು ಊರಿನ ಟೈಮಲ್ಲಿ ಬದುಕ್ತಾರೆ.

ಅಪ್ಪ? ಅಪ್ಪನ ಕೆಲಸ ರುವೈಸ್ ಕಡೆ, ಶಾರ್ಜಾದಿಂದ ಸುಮಾರು ನಾಲ್ಕು ಗಂಟೆಯ ದಾರಿ. ಎರಡು ವಾರಕ್ಕೊಮ್ಮೆ ಬರ್ತಾರೆ. ಬಂದಾಗ ಸುಸ್ತಾಗಿರ್ತಾರೆ, ಅದು ಸುಳ್ಳಲ್ಲ. ಬಿಸಿಲಲ್ಲಿ ಸೈಟಿನ ಕೆಲಸ. ಅಪ್ಪ ಕಷ್ಟಪಡುವುದು ಎಲ್ಲರಿಗೂ ಕಾಣುತ್ತದೆ. ಊರಲ್ಲಿ ಯಾರು ಸಿಕ್ಕಿದ್ರೂ "ಅಪ್ಪ ಹೇಗಿದ್ದಾರೆ, ತುಂಬ ಕಷ್ಟ ಅಲ್ವಾ" ಅಂತ ಕೇಳ್ತಾರೆ. ಅಮ್ಮನ ಬಗ್ಗೆ ಕೇಳುವುದು "ಅಮ್ಮ ಯಾವಾಗ ಬರ್ತಾರೆ" ಅಂತ.

(3/6)
"ಮಕ್ಕಳು ದೊಡ್ಡವರಾದ್ರು, ಇನ್ನು ಫ್ರೀ" ಅನ್ನುವ ಮಾತು ಉಂಟಲ್ಲ, ನನ್ನ ಪ್ರಕಾರ ಅದು ಪೂರಾ ತಪ್ಪು. ಸಣ್ಣ ಮಗುವಿಗೆ ಊಟ, ನಿದ್ದೆ, ಡೈಪರ್. ನಮ್ಮಂಥವರಿಗೆ? ಯಾರ ಜೊತೆ ಹೋಗಿದ್ದಾನೆ, ಫೋನಲ್ಲಿ ಎಂತ ನೋಡ್ತಾನೆ, ಯಾಕೆ ಎರಡು ದಿನದಿಂದ ಮಾತಾಡ್ತಿಲ್ಲ, 12 ಆದ ಮೇಲೆ ಯಾವ ಕಾಲೇಜು, ಅದೂ ಯಾವ ದೇಶದಲ್ಲಿ. ಊರಲ್ಲಾದರೆ ಈ ತಲೆಬಿಸಿ ಹಂಚಿಹೋಗುತ್ತದೆ. ಬಸ್‌ಸ್ಟ್ಯಾಂಡಲ್ಲಿ ನಿಮ್ಮನ್ನು ನೋಡಿದ ದೊಡ್ಡಮ್ಮ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟಿಸ್ತಾರೆ. ನಿಮಗೆ ಅದು ಕಿರಿಕಿರಿ, ಗೊತ್ತುಂಟು. ಆದ್ರೆ ನಿಮ್ಮ ಅಮ್ಮನಿಗೆ ಅದು ಸಂಬಳವಿಲ್ಲದ ಸೆಕ್ಯೂರಿಟಿ. ಶಾರ್ಜಾದ ಹನ್ನೊಂದನೇ ಮಹಡಿಯಲ್ಲಿ ಅಜ್ಜಿ, ದೊಡ್ಡಮ್ಮ, ಅತ್ತೆ, ಪಕ್ಕದ ಮನೆಯವರು ಎಲ್ಲರ ಕೆಲಸವನ್ನೂ ಒಬ್ಬರೇ ಮಾಡಬೇಕು.

ಒಂದು ಉದಾಹರಣೆ ಕೊಡ್ತೇನೆ. 2022ರ ಜನವರಿಯಿಂದ ಯುಎಇಯಲ್ಲಿ ವಾರದ ರಜೆ ಬದಲಾಯ್ತು. ಶಾರ್ಜಾದಲ್ಲಂತೂ ಶುಕ್ರ, ಶನಿ, ಭಾನು ಮೂರು ದಿನ ರಜೆ. ಸ್ಕೂಲಿಗೂ ಅದೇ. ನಾವು ಖುಷಿಯಲ್ಲಿ ಕುಣಿದಾಡಿದೆವು. ಆದ್ರೆ ಅಮ್ಮನ ಆಫೀಸು ದುಬೈಯ ಖಾಸಗಿ ಕಂಪನಿ, ಶುಕ್ರವಾರ ಕೆಲಸ ಉಂಟು. ಅಂದ್ರೆ ಶುಕ್ರವಾರ ಸ್ಕೂಲ್ ಬಸ್ಸಿಲ್ಲ, ಟಿಫಿನ್ ಬಾಕ್ಸಿಲ್ಲ. ಆದ್ರೂ ಅಮ್ಮ ಅದೇ 4:30ಕ್ಕೆ ಎದ್ದು ನಮ್ಮಿಬ್ಬರಿಗೆ ಮಧ್ಯಾಹ್ನದ ಅನ್ನ, ಸಾರು ಮಾಡಿಟ್ಟು ಆಫೀಸಿಗೆ ಹೋಗ್ತಿದ್ರು. ನಾನು ಹನ್ನೊಂದಕ್ಕೆ ಏಳ್ತಿದ್ದೆ. ಸಾರು ತಣ್ಣಗಾಗಿದೆ ಅಂತ ಮೆಸೇಜ್ ಹಾಕ್ತಿದ್ದೆ.

ನಿಜವಾಗಿ ಹಾಕಿದ್ದೆ. ಹಳೇ ಚಾಟಲ್ಲಿ ಇನ್ನೂ ಉಂಟು. ಅದಕ್ಕೆ ಅಮ್ಮನ ರಿಪ್ಲೈ: "ಸಾರಿ ಮಗ, ಮೈಕ್ರೋವೇವಲ್ಲಿ 2 ನಿಮಿಷ ಇಡು."

ಆಗ ನನಗೆ 16 ವರ್ಷ. ನನಗಿಂತ ಐದೂವರೆ ವರ್ಷ ಸಣ್ಣವಳಾದ ತಂಗಿಗೆ "ಪ್ಲೇಟ್ ತೊಳೆದಿಡು" ಅಂತ ಹೇಳುವವರಿದ್ದರು. ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

(4/6)
ಈ ಪೋಸ್ಟ್ ಬರೆಯಲಿಕ್ಕೆ ನಿಜವಾದ ಕಾರಣ ಇದು.

2023ರ ಮಾರ್ಚಲ್ಲಿ ನನ್ನ 12ನೇ ಕ್ಲಾಸಿನ ಬೋರ್ಡ್ ಪರೀಕ್ಷೆ ನಡೀತಿತ್ತು. ಅದರ ಮಧ್ಯದಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಬೇಕು ಅಂದರು. ಶಾರ್ಜಾದಿಂದ ಮಂಗಳೂರಿಗೆ ದೂರ ಎಂತದ್ದೂ ಇಲ್ಲ, ದುಬೈ ಏರ್‌ಪೋರ್ಟಿಂದ ವಿಮಾನ ಹತ್ತಿದರೆ ಸುಮಾರು ಮೂರೂವರೆ ಗಂಟೆ. ಅಮ್ಮ ಬರಲಿಲ್ಲ. ನನಗೆ ಇನ್ನೂ ಎರಡು ಪೇಪರ್ ಬಾಕಿ ಇತ್ತು, ಅಪ್ಪನಿಗೆ ರಜೆ ಸಿಗಲಿಲ್ಲ, ತಂಗಿಗೆ 11 ವರ್ಷ.

ಆಪರೇಷನ್ ಆದ ದಿನ ಅಮ್ಮ ಆಫೀಸಿಗೆ ಹೋಗಿ ಬಂದು, ಅಡುಗೆ ಮಾಡಿ, ನನಗೆ ಹಾಲು ತಂದುಕೊಟ್ಟು ಹೋದ್ರು. ನಾನು ಬಾಗಿಲು ಹಾಕಿಕೊಂಡು ಓದ್ತಿದ್ದೆ. ರಾತ್ರಿ ನೀರಿಗೆ ಅಂತ ಎದ್ದಾಗ ಅಡುಗೆಮನೆಯ ಲೈಟ್ ಆಫ್ ಮಾಡಿ, ಫೋನನ್ನು ಕಿವಿಗೆ ಹಿಡ್ಕೊಂಡು ನಿಂತಿದ್ದರು. ಆ ಕಡೆ ಚಿಕ್ಕಮ್ಮ ಆಸ್ಪತ್ರೆಯಿಂದ ಮಾತಾಡ್ತಿದ್ದರು. ನನ್ನನ್ನು ನೋಡಿ ಅಮ್ಮ ಹೇಳಿದ್ದು ಒಂದೇ: "ನೀನು ಮಲಗು, ನಾಳೆ ಪರೀಕ್ಷೆ."

ಅಜ್ಜಿ ಈಗ ವಾಕರ್ ಹಿಡಿದು ಓಡಾಡ್ತಾರೆ. ಆದ್ರೆ ಆ ದಿನಗಳಲ್ಲಿ ಆಸ್ಪತ್ರೆಗೆ ನೋಡಲು ಬಂದ ಸಂಬಂಧಿಕರು ಒಂದು ಮಾತು ಆಡಿದ್ದರು. ಅದು ಸುತ್ತಿ ಬಳಸಿ ಅಮ್ಮನ ಕಿವಿಗೂ ಬಿತ್ತು. ಯಾವ ಮಾತು ಗೊತ್ತಾ? "ಮಗಳು ದುಬೈಯಲ್ಲಿ ಆರಾಮ ಕೂತಿದ್ದಾಳೆ."

ಕ್ಯಾಂಟೀನಲ್ಲಿ ಅದೇ ಪದ ಕೇಳಿದಾಗ ನಾನು ಯಾಕೆ ಸುಮ್ಮನಾದೆ ಅಂತ ಈಗ ಅರ್ಥ ಆಗಿರಬಹುದು.

(5/6)
ಈಗ ಸ್ವಲ್ಪ ಬಿಕಾಂ ಮಾತು.

ನಾವು ಓದಿದ್ದೇವೆ: ಹೊರದೇಶದಿಂದ ಬರುವ ದುಡ್ಡು ಪಾವತಿ ಶಿಲ್ಕಿನ ಖಾತೆಯಲ್ಲಿ ಬರುತ್ತದೆ. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಭಾರತಕ್ಕೆ ಹೀಗೆ ಬಂದದ್ದು ಸುಮಾರು 129 ಬಿಲಿಯನ್ ಡಾಲರ್, ಪ್ರಪಂಚದಲ್ಲೇ ಹೆಚ್ಚು. ಅಪ್ಪ ಊರಿಗೆ ಕಳಿಸುವ ದುಡ್ಡು ಅದರಲ್ಲಿ ಒಂದು ಹನಿ. ಆದ್ರೆ ಆ ಹನಿ ಉಳಿಯುವುದು ಹೇಗೆ? ಸಂಬಳದಲ್ಲಿ ಬಾಡಿಗೆ, ಫೀಸು, ಬಸ್ಸು ಎಲ್ಲ ಕಳೆದು ಉಳಿಯುವ ಹಾಗೆ ಮನೆ ನಡೆಸುವವರು ಒಬ್ಬರು ಇರುವುದರಿಂದ. ಅವರ ಆ ದುಡಿಮೆ ಯಾವ ಖಾತೆಯಲ್ಲೂ ಇಲ್ಲ.

ನೂರು ವರ್ಷದ ಹಿಂದೆಯೇ ಪೀಗೂ ಎನ್ನುವ ಅರ್ಥಶಾಸ್ತ್ರಜ್ಞ ಇದನ್ನು ತೋರಿಸಿದ್ದ: ಒಬ್ಬ ತನ್ನ ಮನೆಗೆಲಸದವಳನ್ನೇ ಮದುವೆಯಾದರೆ ದೇಶದ ಆದಾಯ ಕಡಿಮೆಯಾಗುತ್ತದೆ. ಕೆಲಸ ಅದೇ, ಸಂಬಳ ಮಾತ್ರ ಇಲ್ಲ. ಕ್ಲಾಸಲ್ಲಿ ನಾವೆಲ್ಲ ನಕ್ಕಿದ್ದೆವು, ನೆನಪುಂಟಾ?

ಭಾರತ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ, ಗಂಡಸರು 97 ನಿಮಿಷ. ಅದೂ ಮಾಡುವ ಗಂಡಸರು ಮಾತ್ರ. ನೂರರಲ್ಲಿ ಸುಮಾರು 26 ಜನ. ಉಳಿದವರದ್ದು ಸೊನ್ನೆ. ಆ ಸೊನ್ನೆಯಲ್ಲಿ ನಾನೂ ಇದ್ದೆ. ಇದು ಭಾರತದೊಳಗಿನ ಲೆಕ್ಕ. ಹೊರದೇಶದಲ್ಲಿರುವ ನಮ್ಮ ಅಮ್ಮಂದಿರು ಇದರಲ್ಲೂ ಇಲ್ಲ.

ಕೆಲವರು ಕೇಳ್ತೀರಿ: ಲೇಬರ್ ಕ್ಯಾಂಪಲ್ಲಿ ಇರುವವರ ಕಷ್ಟದ ಮುಂದೆ ಇದು ಎಂತ? ಸರಿಯಾದ ಪ್ರಶ್ನೆ. ಸಂಬಳ ಸಾಲದೆ ಫ್ಯಾಮಿಲಿ ವೀಸಾ ಸಿಗದವರು ಎಷ್ಟೋ ಜನ ಇದ್ದಾರೆ. ತಮ್ಮ ಮಕ್ಕಳನ್ನು ಊರಲ್ಲಿ ಬಿಟ್ಟು ಬೇರೆಯವರ ಮಕ್ಕಳನ್ನು ಸಾಕುವ ಅಮ್ಮಂದಿರೂ ಅಲ್ಲಿದ್ದಾರೆ. ಅವರ ಮುಂದೆ ನಮ್ಮದು ಸುಖವೇ. ಆದ್ರೆ ಇನ್ನೊಬ್ಬರಿಗೆ ಹೆಚ್ಚು ಕಷ್ಟ ಉಂಟು ಅಂತ ನಮ್ಮ ಮನೆಯ ಪ್ಲೇಟ್ ತಾನಾಗಿ ತೊಳೆದುಕೊಳ್ಳುವುದಿಲ್ಲ.

ಇನ್ನು ಕೆಲವರು: ವಾಷಿಂಗ್ ಮೆಷಿನ್ ಉಂಟಲ್ಲ? ಉಂಟು. ಬಟ್ಟೆ ಒಗೆಯುತ್ತದೆ. ನಾಳೆ ತಂಗಿಗೆ ಪಿಟಿ ಯೂನಿಫಾರ್ಮ್ ಬೇಕು ಅಂತ ನೆನಪಿಟ್ಟುಕೊಳ್ಳುವುದಿಲ್ಲ.

(6/6)
ಈಗ ಮನೆಯಲ್ಲಿ ಒಂದು ಚರ್ಚೆ ನಡೀತಾ ಉಂಟು. ಬರುವ ಏಪ್ರಿಲ್‌ಗೆ ತಂಗಿ 10ನೇ ಕ್ಲಾಸು. "ಕೆಲಸ ಬಿಟ್ಟುಬಿಡ್ತೇನೆ" ಅಂತ ಅಮ್ಮ ಹೇಳ್ತಿದ್ದಾರೆ. "ಬಿಡು, ಆರಾಮ ಇರು" ಅಂತ ಅಪ್ಪ. ಪ್ರೀತಿಯಿಂದಲೇ ಹೇಳಿದ್ದು.

ನಾನು ಬೇಡ ಅಂದೆ. ಅಮ್ಮನಿಗೆ ಆ ಕೆಲಸ ಇಷ್ಟ. ತಿಂಗಳ ಕೊನೆಗೆ ಲೆಕ್ಕ ಟ್ಯಾಲಿ ಆದ ದಿನ ಅವರ ಮುಖ ನೋಡಬೇಕು. ನಿಜವಾಗಿ ಬೇಡ ಅನಿಸಿದ್ರೆ ಬಿಡಲಿ, ಅದು ಅವರ ಇಷ್ಟ. ಆದ್ರೆ ಮನೆಯಲ್ಲಿ ಉಳಿದ ಮೂರು ಜನ ಕೈ ಕಟ್ಟಿ ಕೂತಿದ್ದೇವೆ ಅನ್ನುವ ಕಾರಣಕ್ಕೆ ಬಿಡಬಾರದು.

"ಹಾಗಾದ್ರೆ ನೀನು ಎಂತ ಮಾಡ್ತೀ, ಮಂಗಳೂರಲ್ಲಿ ಕೂತು?" ಅಂತ ಅಪ್ಪ ಕೇಳಿದ್ರು. ನ್ಯಾಯವೇ.

ಅದಕ್ಕೆ ಅಜ್ಜಿಯ ಪೂರಾ ಜವಾಬ್ದಾರಿ ನಾನು ತೆಗೆದುಕೊಂಡೆ. ಮಾತ್ರೆ, ಡಾಕ್ಟರ್ ಡೇಟು, ಮನೆಯ ಕರೆಂಟ್ ಬಿಲ್ಲು, ಎಲ್ಲ. ಎರಡು ವಾರಕ್ಕೊಮ್ಮೆ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋಗ್ತೇನೆ. ಮೊದಲ ತಿಂಗಳು ಮಾತ್ರೆ ಮುಗಿದದ್ದು ನನಗೆ ಗೊತ್ತೇ ಆಗಲಿಲ್ಲ, ಅಮ್ಮನೇ ಶಾರ್ಜಾದಿಂದ ನೆನಪು ಮಾಡಿದರು. ನಾಚಿಕೆ ಆಯ್ತು. ಈಗ ನನ್ನ ರೂಮಿನ ಗೋಡೆಯಲ್ಲಿ ನನ್ನದೇ ಅಕ್ಷರದ ಪಟ್ಟಿ ಉಂಟು, ಎರಡನೇ ಫೋಟೋ ನೋಡಿ. ಅಪ್ಪ ವೀಸಾ, ಬಾಡಿಗೆ ಚೆಕ್ಕು ನೋಡಿಕೊಳ್ತೇನೆ ಅಂದಿದ್ದಾರೆ. ರುವೈಸಿಂದಲೂ ಫೋನಲ್ಲಿ ಆಗುವ ಕೆಲಸ ಅದು. ಎಷ್ಟು ದಿನ ಮಾಡ್ತಾರೆ, ನೋಡುವ. ಅಮ್ಮ ಇನ್ನೂ ತೀರ್ಮಾನ ಮಾಡಿಲ್ಲ.

ನಿಮಗೆ ನನ್ನದು ಒಂದೇ ಮಾತು, ಅದರಲ್ಲೂ ಹುಡುಗರಿಗೆ. ಅಮ್ಮ ಗಲ್ಫಲ್ಲಿರಲಿ, ಮಂಡ್ಯದಲ್ಲಿರಲಿ, "ಹೆಲ್ಪ್ ಮಾಡ್ಲಾ ಅಮ್ಮ?" ಅಂತ ಕೇಳಬೇಡಿ. ಕೇಳಿದರೆ, ಎಂತ ಮಾಡಬೇಕು ಅಂತ ಹೇಳುವ ಕೆಲಸವೂ ಅವರದ್ದೇ ಆಗುತ್ತದೆ. ಒಂದು ಕೆಲಸ ಆರಿಸಿಕೊಳ್ಳಿ, ನೆನಪಿಟ್ಟುಕೊಳ್ಳುವುದನ್ನೂ ಸೇರಿಸಿ ಪೂರ್ತಿ ನಿಮ್ಮದು ಮಾಡಿಕೊಳ್ಳಿ. ನಡುವೆ ಎಡವುತ್ತೀರಿ. ಆದ್ರೂ ವಾಪಸ್ ಕೊಡಬೇಡಿ.

ಅಂದ ಹಾಗೆ, ಬೆಳಿಗ್ಗೆ 6 ಗಂಟೆಯ ಫೋನ್ ಈಗ ನನಗೆ ಬರುತ್ತದೆ. ಅಜ್ಜಿಯ ಮೊದಲ ಪ್ರಶ್ನೆ ಮಾತ್ರ ದಿನಾ ಅದೇ: "ಅಮ್ಮ ಎದ್ಲಾ ಮಗಾ?"

"ಇಲ್ಲ ಅಜ್ಜಿ, ಇನ್ನು ಅರ್ಧ ಗಂಟೆ ಮಲಗಲಿ" ಅಂತೇನೆ.

ನಿಮ್ಮ ಮನೆಯ ಫ್ರಿಜ್ಜಿನ ಮೇಲೆ ಯಾರ ಅಕ್ಷರ ಉಂಟು? ಕಾಮೆಂಟಲ್ಲಿ ಹೇಳಿ. ಕ್ಯಾಂಟೀನಿನ ಗೆಳೆಯಾ, ಇದನ್ನು ಓದಿದ್ರೆ ನಾಳೆ ಟೀ ನನ್ನ ಲೆಕ್ಕ.

#ಗಲ್ಫ್‌ಅಮ್ಮ #ಶಾರ್ಜಾಮನೆ #ಬಿಕಾಂಮಾತು #ಕುಡ್ಲ