ಮಾವುತನ ಮಗ ಹಾಲಿವುಡ್ ಸೇರಿದ ಕಥೆ

ಹುಬ್ಬಳ್ಳಿ-ಧಾರವಾಡದ ಶಾಲೆಗಳಿಂದ ಮೈಸೂರಿಗೆ ಪ್ರವಾಸ ಹೋಗುವ ಮಕ್ಕಳು ಅರಮನೆ, ಮೃಗಾಲಯ, ಬೃಂದಾವನ ನೋಡಿಕೊಂಡು ಮರಳುತ್ತಾರೆ. ಅದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಬಿನಿ ನದಿಯ ದಂಡೆಯ ಮೇಲೆ ಕಾರಾಪುರ ಎಂಬ ಊರಿದೆ. ಅಮೆರಿಕದ ಚಿತ್ರರಂಗದಲ್ಲಿ ನಾಯಕನಾಗಿ ಮೆರೆದ ಮೊದಲ ಭಾರತೀಯ ನಟರಲ್ಲಿ ಒಬ್ಬರಾದ ಸಾಬು ಹುಟ್ಟಿದ್ದು ಆ ಊರಿನಲ್ಲಿ, 1924ರ ಜನವರಿ 27ರಂದು.

ತಂದೆ ಆನೆಯ ಮಾವುತ. ಕಾಕನಕೋಟೆಯ ಖೆಡ್ಡಾದಲ್ಲಿ ಕಾಡಾನೆಗಳನ್ನು ಹಿಡಿದು ಪಳಗಿಸುತ್ತಿದ್ದ ಕಾಲವದು. ತಾಯಿ ಬೇಗನೆ ತೀರಿಕೊಂಡರು. ಬಾಲಕನಿಗೆ ಹತ್ತು ತುಂಬುವ ಮೊದಲೇ ತಂದೆಯೂ ಹೋದರು. ಆಮೇಲೆ ಉಳಿದದ್ದು ಅಣ್ಣನ ಆಸರೆ, ಮಹಾರಾಜರ ಆನೆ ಲಾಯದ ಅನ್ನ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕನ್ ನಿರ್ದೇಶಕರು ಮೈಸೂರಿಗೆ ಬಂದರು. ಕಿಪ್ಲಿಂಗ್ ಬರೆದ ಆನೆಯ ಕಥೆಯೊಂದನ್ನು ಚಿತ್ರ ಮಾಡುವುದಿತ್ತು. ಆನೆಗೆ ಅಂಜದ ಹುಡುಗ ಬೇಕಾಗಿದ್ದ. ಲಾಯದ ಹುಡುಗ ಕಣ್ಣಿಗೆ ಬಿದ್ದ. ಅವನು ನಟನೆ ಕಲಿತವನಲ್ಲ, ಇಂಗ್ಲಿಷ್ ಬಲ್ಲವನೂ ಅಲ್ಲ. ಆದರೆ ಐರಾವತವೆಂಬ ದೈತ್ಯ ಆನೆ ಅವನ ಮಾತು ಕೇಳುತ್ತಿತ್ತು. ಉಳಿದ ಚಿತ್ರೀಕರಣಕ್ಕಾಗಿ ಅಣ್ಣನ ಜೊತೆ ಹುಡುಗನನ್ನು ಇಂಗ್ಲೆಂಡಿಗೆ ಕರೆದೊಯ್ದರು. 1937ರಲ್ಲಿ 'ಎಲಿಫೆಂಟ್ ಬಾಯ್' ಬಿಡುಗಡೆಯಾಯಿತು. ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ನಿರ್ದೇಶನದ ಪ್ರಶಸ್ತಿ ಬಂದಿತು. ಹದಿಮೂರರ ಹುಡುಗ ಲೋಕಪ್ರಸಿದ್ಧನಾದ.

ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವನನ್ನು ಬಿಡಲಿಲ್ಲ. ಇಂಗ್ಲೆಂಡಿನಲ್ಲೇ ಶಾಲೆಗೆ ಸೇರಿಸಿದರು. 1938ರಲ್ಲಿ 'ದ ಡ್ರಮ್', 1940ರಲ್ಲಿ 'ದ ಥೀಫ್ ಆಫ್ ಬಾಗ್ದಾದ್' ಬಂದವು. ಎರಡನೆಯದು ಅರ್ಧ ಮುಗಿಯುವಷ್ಟರಲ್ಲಿ ಮಹಾಯುದ್ಧ ಶುರುವಾಗಿ, ಚಿತ್ರತಂಡ ಅಮೆರಿಕಕ್ಕೆ ಹೋಗಬೇಕಾಯಿತು. ಆ ಚಿತ್ರ ಮೂರು ಆಸ್ಕರ್ ಗೆದ್ದಿತು. 1942ರ 'ಜಂಗಲ್ ಬುಕ್'ನಲ್ಲಿ ಸಾಬು ಮೋಗ್ಲಿಯಾದರು.

1944ರಲ್ಲಿ ಸಾಬು ಅಮೆರಿಕದ ಪೌರರಾದರು. ಅಲ್ಲಿ ನೆಲೆಸಿದ ಭಾರತೀಯರಿಗೆ ಪೌರತ್ವದ ಬಾಗಿಲು ಕಾನೂನಿನ ಮೂಲಕ ತೆರೆದದ್ದು 1946ರಲ್ಲಿ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಅವರು ಸೈನ್ಯ ಸೇರಿ, ಬಾಂಬರ್ ವಿಮಾನದ ಬಾಲದಲ್ಲಿ ಕುಳಿತು ಗುಂಡು ಹಾರಿಸುವ ಅಪಾಯದ ಕೆಲಸ ಮಾಡಿದರು. ಪೆಸಿಫಿಕ್ ಸಾಗರದ ಮೇಲೆ ಹತ್ತಾರು ಸಲ ಹಾರಿ, ಶೌರ್ಯಕ್ಕಾಗಿ 'ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್' ಪಡೆದರು.

ಯುದ್ಧ ಮುಗಿಸಿ ಬಂದ ಸೈನಿಕನಿಗೆ ಆಗ ಇಪ್ಪತ್ತೆರಡರ ಆಸುಪಾಸು. ಆದರೆ ಹಾಲಿವುಡ್ಡಿಗೆ ಇನ್ನೂ ಬೇಕಾಗಿದ್ದುದು ಆನೆಯ ಮೇಲಿನ ಹುಡುಗನೇ! 1947ರ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ರಾಜಕುಮಾರನ ಒಳ್ಳೆಯ ಪಾತ್ರ ಸಿಕ್ಕಿತು. ಅದು ಬಿಟ್ಟರೆ ಬಂದವೆಲ್ಲ ಕಾಡು, ಹುಲಿ, ಮುಂಡಾಸಿನ ಪಾತ್ರಗಳೇ. ವೈದ್ಯ, ವಕೀಲ, ಮಾಸ್ತರನಂತಹ ಅಮೆರಿಕದ ಸಾಮಾನ್ಯ ಮನುಷ್ಯನ ಪಾತ್ರ ಆ ದೇಶದ ಪೌರನಾದ ಮೇಲೂ ಅವರ ಪಾಲಿಗೆ ಬರಲಿಲ್ಲ. 1952ರಲ್ಲಿ ಲಂಡನ್ನಿನ ಸರ್ಕಸ್ಸಿನಲ್ಲಿ ಮತ್ತೆ ಆನೆಗಳ ಜೊತೆ ನಿಂತರು. ಭಾರತದ ಯಾವ ಚಿತ್ರದಲ್ಲಿಯೂ ಅವರು ನಟಿಸಲಿಲ್ಲ. 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಮೆಹಬೂಬ್ ಖಾನ್ ಮೊದಲು ಅವರನ್ನೇ ಯೋಚಿಸಿದ್ದರು. ಅದು ಕೂಡಿಬರದೆ ಪಾತ್ರ ಸುನೀಲ್ ದತ್ ಅವರದಾಯಿತು.

ಮಡದಿ ಮತ್ತು ಇಬ್ಬರು ಮಕ್ಕಳೊಂದಿಗೆ ಸಂಸಾರ ನೆಮ್ಮದಿಯಾಗಿತ್ತು. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಸಾಬು ಅವರಿಗೆ ಬರೀ 39 ವರ್ಷ. ಕೊನೆಯ ಚಿತ್ರ ತೆರೆ ಕಂಡದ್ದು ಮರುವರ್ಷ.

ಧಾರವಾಡದವರಿಗೆ ಇಲ್ಲಿ ಗಿರೀಶ ಕಾರ್ನಾಡರ ನೆನಪು ಬರುವುದು ಸಹಜ. ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿ, ಆಕ್ಸ್‌ಫರ್ಡ್ ಮುಗಿಸಿ, ನಾಟಕ ಬರೆದು ಹೆಸರಾದ ಮೇಲೆ ಅವರು 1970ರಲ್ಲಿ 'ಸಂಸ್ಕಾರ' ಚಿತ್ರದ ಪ್ರಾಣೇಶಾಚಾರ್ಯರಾದರು. ಕ್ಯಾಮೆರಾದ ಮುಂದೆ ನಿಲ್ಲುವುದೋ ಬೇಡವೋ ಎಂದು ಆಯ್ದುಕೊಳ್ಳುವ ಶಕ್ತಿ ಅವರ ಕೈಯಲ್ಲಿತ್ತು. ಪಾತ್ರ ಸಿಗದಿದ್ದರೆ ಲೇಖನಿಯಿತ್ತು. ತಬ್ಬಲಿ ಬಾಲಕ ಸಾಬುವಿನ ಪಾಲಿನ ಆಯ್ಕೆಯನ್ನೆಲ್ಲ ಬೇರೆಯವರೇ ಮಾಡಿದರು.

ಇಂದು ಟಿ.ವಿ. ಸ್ಪರ್ಧೆಗಳಿಗೆ ಮಕ್ಕಳ ಕೈಹಿಡಿದು ಹೊರಡುವ ತಂದೆ-ತಾಯಿಗಳು ಈ ಎರಡೂ ಬದುಕುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಮಗುವಿನ ಪ್ರತಿಭೆಗೆ ಚಪ್ಪಾಳೆ ಸಿಗಲಿ, ಬೇಡವೆನ್ನುವವರಾರು? ಆದರೆ ಹದಿಮೂರಕ್ಕೆ ಬಂದ ಕೀರ್ತಿ ಮೂವತ್ತಕ್ಕೆ ಏನು ಕೆಲಸ ಕೊಡುತ್ತದೆ ಎಂಬ ಪ್ರಶ್ನೆಯನ್ನು ಮನೆಯವರೇ ಕೇಳಿಕೊಳ್ಳಬೇಕು. ಕಾರಾಪುರದ ಹುಡುಗನ ಪರವಾಗಿ ಅದನ್ನು ಕೇಳುವ ಹಿರಿಯರು ಇರಲಿಲ್ಲ.