ಅಡ್ವಾನ್ಸ್ ಯಾರಪ್ಪನ ಗಂಟು?



ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವಾಗ ಮಾಲೀಕರ ಬಾಯಲ್ಲಿ ಬೆಲ್ಲ. ಬಿಡುವಾಗ ಅದೇ ಬಾಯಲ್ಲಿ ಬೇವು! ರಾಯಚೂರಿನಿಂದಲೋ ಕೊಳ್ಳೇಗಾಲದಿಂದಲೋ ಕೆಲಸಕ್ಕೆ ಬಂದ ಹುಡುಗ ಊರಲ್ಲಿ ಸಾಲ ಮಾಡಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿರುತ್ತಾನೆ. ಮನೆ ಖಾಲಿ ಮಾಡಿದ ದಿನ, "ಹೊಸಬರು ಬರಲಿ, ಆಮೇಲೆ ಕೊಡೋಣ" ಎಂಬ ಉತ್ತರ. ಮುಂದಿನ ಮನೆಗೆ ಅವನು ದುಡ್ಡು ಎಲ್ಲಿಂದ ತರಬೇಕು?

ಲೆಕ್ಕ ಹಾಕಿ. ಬಾಡಿಗೆ 15,000 ರೂಪಾಯಿ ಎನ್ನಿ. ಹತ್ತು ತಿಂಗಳಿಗೆ 1,50,000. ಶೇಕಡಾ 6ರ ಬಡ್ಡಿ ಹಿಡಿದರೂ ವರ್ಷಕ್ಕೆ 9,000 ರೂಪಾಯಿ. ಅದರಲ್ಲಿ ನಮಗೆ ಬಿಡಿಗಾಸಿಲ್ಲ. ಇದು ಸಾಲದೆಂದು ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಮೂರು ವರ್ಷದಲ್ಲಿ ಮೂವರು ಬಂದು ಹೋದರೆ 45,000! ಗೋಡೆಗೆ ಬಣ್ಣ ಬಿದ್ದದ್ದು ಎಷ್ಟು ಸಲ? ರಸೀದಿ ಎಲ್ಲಿ? ಇದು ಹಗಲು ದರೋಡೆಯಲ್ಲವೇ?

ಕಾನೂನು ಏನು ಹೇಳುತ್ತದೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು. ಆದರೆ ಬಳಕೆಯಿಂದ ಸಹಜವಾಗಿ ಆದ ಸವಕಳಿಗೆ ಅವನು ಹೊಣೆಯಲ್ಲ. ಬಿಸಿಲಿಗೆ ಮಾಸಿದ ಬಣ್ಣ ಸವಕಳಿ. ಒಡೆದ ಸಿಂಕು, ಮುರಿದ ಬಾಗಿಲು ನಷ್ಟ. ನಷ್ಟಕ್ಕೆ ಮುರಿದುಕೊಳ್ಳಲಿ, ಸವಕಳಿಗೆ ಯಾಕೆ?

ಇಲ್ಲೇ ಇದೆ ಕೊಕ್ಕೆ! ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಮಾತ್ರ ಈ ಕಲಮು ನಮ್ಮ ಕೈ ಹಿಡಿಯುತ್ತದೆ. ಷರತ್ತಿಗೆ ಸಹಿ ಹಾಕಿದಿರೋ, ಷರತ್ತೇ ಗೆಲ್ಲುತ್ತದೆ. ಆ ಕರಾರು ಇರುವುದು ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ! ಮಾಲೀಕ ಕನ್ನಡಿಗ, ಬಾಡಿಗೆದಾರ ಕನ್ನಡಿಗ, ಛಾಪಾ ಕಾಗದ ಕರ್ನಾಟಕ ಸರ್ಕಾರದ್ದು. ಒಳಗಿನ ಒಕ್ಕಣೆ ಮಾತ್ರ ಇಬ್ಬರಿಗೂ ತಿಳಿಯದ ಕೋರ್ಟು ಇಂಗ್ಲಿಷ್. ಪೇಂಟಿಂಗ್ ಷರತ್ತು ಅದರೊಳಗೆ ಬಚ್ಚಿಟ್ಟುಕೊಂಡಿರುತ್ತದೆ. ಇಂಗ್ಲಿಷಿನಲ್ಲೇ ಬರೆಯಬೇಕೆಂದು ಯಾವ ಕಾನೂನೂ ಹೇಳಿಲ್ಲ. ನಾನು ಪ್ರೆಸ್ ನಡೆಸುವವನು, ಅಕ್ಷರ ಜೋಡಿಸಿಯೇ ಅನ್ನ ತಿನ್ನುವವನು. ಕನ್ನಡದಲ್ಲಿ ಕರಾರು ಜೋಡಿಸಲು ಒಂದು ನಿಮಿಷವೂ ಹೆಚ್ಚು ಹಿಡಿಯುವುದಿಲ್ಲ, ಒಂದು ರೂಪಾಯಿಯೂ ಹೆಚ್ಚು ಬೀಳುವುದಿಲ್ಲ. ಕೇಳುವವರು ಬೇಕು, ಅಷ್ಟೇ!

ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಮನೆ ಒಪ್ಪಿಸಿದ ದಿನವೇ ಬಾಕಿ ಕಳೆದು ಹಣ ಕೊಡಬೇಕು ಎನ್ನುತ್ತದೆ. ಆದರೆ ಅದು ಬರೀ ಮಾದರಿ. ರಾಜ್ಯ ಕಾನೂನು ಮಾಡಿದರಷ್ಟೇ ಅದಕ್ಕೆ ಜೀವ. ಓಟು ಕೇಳಲು ಬಾಗಿಲಿಗೆ ಬರುವವರನ್ನು ಈ ಎರಡು ತಿಂಗಳ ಮಿತಿಯ ಬಗ್ಗೆ ಕೇಳಿ.

ನಮ್ಮ ಹುಡುಗರಿಗೂ ಒಂದು ಮಾತು. "ಅಡ್ವಾನ್ಸಲ್ಲಿ ಮುರ್ಕೊಳ್ಳಿ" ಎಂದು ಬಾಡಿಗೆ ನಿಲ್ಲಿಸುವುದು, ಕರೆಂಟ್ ಬಿಲ್ ಬಾಕಿ ಇಟ್ಟು ರಾತ್ರೋರಾತ್ರಿ ಗಂಟುಮೂಟೆ ಕಟ್ಟುವುದು ಮರ್ಯಾದಸ್ಥರ ಲಕ್ಷಣವಲ್ಲ. ಬಾಡಿಗೆಯನ್ನೇ ನಂಬಿ ಔಷಧಿ ಕೊಳ್ಳುವ ಮುದುಕ ಮಾಲೀಕರೂ ಇದ್ದಾರೆ. ಒಬ್ಬ ಹೀಗೆ ಓಡಿಹೋದರೆ ಮುಂದೆ ಬರುವ ಹತ್ತು ಹುಡುಗರಿಗೆ ಮನೆ ಸಿಗುವುದಿಲ್ಲ.

ಆದ್ದರಿಂದ ಎಚ್ಚರ! ಕರಾರು ಕನ್ನಡದಲ್ಲಿರಲಿ, ಓದಿಯೇ ಸಹಿ ಹಾಕಿ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ಸೇರುವ ದಿನವೂ ಬಿಡುವ ದಿನವೂ ಗೋಡೆ, ನಲ್ಲಿ, ಬಾಗಿಲುಗಳ ಫೋಟೋ ತೆಗೆದಿಡಿ. ಖಾಲಿ ಮಾಡುವುದನ್ನು ಕರಾರಿನಲ್ಲಿರುವಷ್ಟು ಮೊದಲೇ ಬರೆದು ತಿಳಿಸಿ. ಕರೆಂಟ್, ನೀರಿನ ಬಿಲ್ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಬೀಗದ ಕೈ ಕೊಟ್ಟದ್ದಕ್ಕೆ ಬರಹ ಪಡೆಯಿರಿ. ಆಮೇಲೂ ಹಣ ಬರಲಿಲ್ಲವೇ? ವಕೀಲರಿಂದ ನೋಟಿಸ್ ಕೊಡಿಸಿ. ಅದಕ್ಕೂ ಬಗ್ಗದಿದ್ದರೆ ಮೂರು ವರ್ಷದೊಳಗೆ ಸಿವಿಲ್ ದಾವೆ ಹೂಡಿ.

ಸಾಲ ಮಾಡಿ ಕಟ್ಟಿದ ಹಣವನ್ನು ಕೈಮುಗಿದು ಬೇಡಬೇಡಿ. ತಲೆ ಎತ್ತಿ ಕೇಳಿ, ಕನ್ನಡದಲ್ಲೇ ಕೇಳಿ!