ಕೈಗೆ ಮೀರಿದ ರಬ್ಬರು



ಕಳೆದ ಬೇಸಿಗೆಯಲ್ಲಿ ಪರಿಚಯದ ದಂಪತಿಗಳು ತಮ್ಮ ಹನ್ನೊಂದು ವರ್ಷದ ಮಗಳೊಡನೆ ನಮ್ಮ ಮನೆಗೆ ಬಂದಿದ್ದರು. "ಗುರುಗಳೇ, ಇವಳಿಗೆ ತಾವೇ ಬುದ್ಧಿ ಹೇಳಬೇಕು. ಮೂರು ವರ್ಷ ಕಲಿತ ಟೇಬಲ್ ಟೆನ್ನಿಸ್ ಬಿಟ್ಟುಬಿಡುತ್ತೇನೆ ಎನ್ನುತ್ತಾಳೆ" ಎಂದರು ತಂದೆ. ಕೂಸು ತಲೆ ತಗ್ಗಿಸಿ ಕುಳಿತಿತ್ತು. ದೊಡ್ಡವರು ಒಳಗೆ ಹೋದ ಮೇಲೆ ಮೆಲ್ಲನೆ ಹೇಳಿತು: "ಹೊಸ ರಬ್ಬರು ಹಾಕಿಸಿದಾಗಿನಿಂದ ಚೆಂಡು ನನ್ನ ಮಾತು ಕೇಳುವುದಿಲ್ಲ ಅಜ್ಜಾ. ಅಪ್ಪ ಅಷ್ಟು ದುಡ್ಡು ಕೊಟ್ಟಿದ್ದಾರೆ, ಬೇಡ ಎಂದು ಹೇಗೆ ಹೇಳಲಿ?"

ಮಠದ ಪ್ರಸಾದ ನಿಲಯದಲ್ಲಿ ನಾವೂ ಈ ಆಟ ಆಡಿದವರೇ. ಆದರೆ ನಮ್ಮ ಬ್ಯಾಟುಗಳಿಗೆ ಸ್ಪಂಜು ಇರಲಿಲ್ಲ; ಮುಳ್ಳು ಮುಳ್ಳಾದ ಬರಿಯ ರಬ್ಬರು, ಅದೂ ಅರ್ಧ ಕಿತ್ತುಹೋದದ್ದು. ಸ್ಪಂಜಿನ ಮಹಿಮೆಯನ್ನು ಜಗತ್ತು ಕಂಡುದು ನಮ್ಮ ಮುಂಬಯಿಯಲ್ಲಿಯೇ. 1952ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಪಾನಿನ ಹಿರೋಜಿ ಸಾತೋ ಸ್ಪಂಜಿನ ಬ್ಯಾಟು ಹಿಡಿದು ಬಂದು ಪ್ರಶಸ್ತಿ ಗೆದ್ದರು. ಚೆಂಡಿನ ಸಪ್ಪಳವೇ ಕೇಳದೆ ಎದುರಾಳಿಗಳು ಕಂಗೆಟ್ಟರಂತೆ. ಇಂದು ಸ್ಪಂಜು, ಮೇಲಿನ ಹಾಳೆ, ಅಂಟು ಎಲ್ಲ ಸೇರಿ 4 ಮಿಲಿಮೀಟರು ಮೀರಬಾರದೆಂಬ ನಿಯಮವಿದೆ.

ಮೇಲಿನ ಹಾಳೆ ಚೆಂಡನ್ನು ಹಿಡಿದು ತಿರುಗಿಸುತ್ತದೆ. ಕೆಳಗಿನ ಸ್ಪಂಜು ಅದನ್ನು ಚಿಮ್ಮಿಸುತ್ತದೆ. ಸ್ಪಂಜು ದಪ್ಪವಾದಷ್ಟೂ ವೇಗ ಹೆಚ್ಚು, ಹಿಡಿತ ಕಡಿಮೆ. ಆ ತಂದೆ ಹಾಕಿಸಿದ್ದು ಎರಡೂ ಬದಿಗೆ ಅತಿ ದಪ್ಪದ, ಒಳಗೇ ಬಿಗಿದ ಬಿಲ್ಲಿನಂತಹ ರಬ್ಬರು. ನುರಿತ ಆಟಗಾರ ಪೂರ್ಣ ತೋಳು ಬೀಸಿದಾಗ ಅದು ಸಾರ್ಥಕವಾಗುತ್ತದೆ. ಮಗುವಿನ ಕೈಯಲ್ಲಿ ಚೆಂಡು ಮೇಜು ದಾಟಿ ಹೋಗುತ್ತದೆ. ಅದಕ್ಕೆ ಹೆದರಿದ ಮಗು ಬೀಸುವುದನ್ನೇ ಮೊಟಕುಗೊಳಿಸುತ್ತದೆ. ಮೂರು ವರ್ಷದ ಕಲಿಕೆ ಹೀಗೆ ಕೆಲವೇ ವಾರಗಳಲ್ಲಿ ಕೆಡಬಹುದು.

ಹಾಗೆಂದು ಹಳೆಯದರಲ್ಲಿಯೇ ಆಡಿಸಿರೆಂದು ನಾನು ಹೇಳಲಾರೆ. ಹಾಳೆ ನುಣುಪಾಗಿ ಹೊಳೆಯುತ್ತ ಚೆಂಡು ಜಾರತೊಡಗಿದರೆ ಬದಲಿಸಲೇಬೇಕು. ಮರದ ಹಲಗೆ ಅದೇ ಇರಲಿ. ಎರಡನ್ನೂ ಒಮ್ಮೆಲೇ ಬದಲಿಸಿದರೆ ತಪ್ಪು ಯಾವುದರದೆಂದು ತಿಳಿಯದು. 1.5 ಮಿಲಿಮೀಟರು ಸ್ಪಂಜಿನಲ್ಲಿ ಆಡುತ್ತಿದ್ದ ಮಗುವಿಗೆ 1.8 ಸಾಕು. ಬಲಗೈ ಮಗುವಾದರೆ ಬಲಬದಿಯ ಹೊಡೆತದ ರಬ್ಬರನ್ನು ಮೊದಲು ಏರಿಸಿ, ಇನ್ನೊಂದು ಬದಿ ಕೆಲವು ತಿಂಗಳು ಕಾಯಲಿ. ಯಸಾಕಾ ಮಾರ್ಕ್ ಫೈವ್‌ನಂತಹ, 1969ರಿಂದ ಬಳಕೆಯಲ್ಲಿರುವ, ಮಧ್ಯಮ ಗುಣದ ರಬ್ಬರುಗಳು ಈ ಹಂತಕ್ಕೆ ಒಪ್ಪುತ್ತವೆ. ಪಂದ್ಯಕ್ಕೆ ಹೋಗುವ ಮಕ್ಕಳಿಗೆ ಅಂತರರಾಷ್ಟ್ರೀಯ ಸಂಸ್ಥೆಯ ಮುದ್ರೆಯುಳ್ಳ ರಬ್ಬರೇ ಬೇಕು. ಒಂದು ಬದಿ ಕಪ್ಪು ಇರಲೇಬೇಕು. ಇನ್ನೊಂದು ಬದಿಗೆ ಕೆಂಪಲ್ಲದೆ ಹಸಿರು, ನೀಲಿ ಮೊದಲಾದ ಬಣ್ಣಗಳಿಗೂ 2021ರಿಂದ ಅನುಮತಿ ಇದೆ. ಆಟ ಮುಗಿದೊಡನೆ ಒದ್ದೆ ಸ್ಪಂಜಿನಿಂದ ಧೂಳು ಒರೆಸಿ, ಬಿಸಿಲಿಗೆ ತಾಗದಂತೆ ಚೀಲದಲ್ಲಿಡುವ ಕೆಲಸ ಮಗುವಿನದೇ ಆಗಲಿ.

ತಂದೆಯನ್ನು ಕರೆದು ಮಗಳ ಮಾತನ್ನೇ ಹೇಳಿದೆ. ಆತ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಆ ರಬ್ಬರುಗಳನ್ನು ಬಿಡಿಸಿ, ಅದೇ ಅಂಗಳದಲ್ಲಿ ಆಡುವ ಕಾಲೇಜು ಹುಡುಗನೊಬ್ಬನಿಗೆ ಕೊಟ್ಟರೆಂದು ತಿಳಿಯಿತು. ಶ್ರಾವಣದಲ್ಲಿ ಆ ಕೂಸು ಮತ್ತೆ ಬಂದಿತ್ತು. ಚೀಲದಿಂದ ಬ್ಯಾಟು ತೆಗೆದು, "ನೀವೂ ಆಡುತ್ತಿದ್ದಿರಂತೆ, ಬನ್ನಿ ಅಜ್ಜಾ" ಎಂದು ನಮ್ಮ ಊಟದ ಮೇಜಿನ ಮೇಲಿದ್ದ ಲೋಟಗಳನ್ನು ಸರಿಸತೊಡಗಿತು.